ಓಟಕ್ಕೆ ಲೆಕ್ಕವಿಟ್ಟ ಮೈಸೂರಿನ ಅಳಿಯ

ಆಗಸ್ಟ್ ತಿಂಗಳು ಕಾಲಿಟ್ಟಿತೆಂದರೆ ಮೈಸೂರಿನಿಂದ ನಂಜನಗೂಡಿನತ್ತ ಸಾಗುವ ಹೆದ್ದಾರಿಯ ಇಕ್ಕೆಲದ ಊರುಗಳಲ್ಲಿ ಶಾಲಾ ಕ್ರೀಡಾಕೂಟಗಳ ಸಡಗರ ಮೊದಲಾಗುತ್ತದೆ. ತಾಂಡವಪುರದ ಬಾಲಕಿಯೊಬ್ಬಳು ನೂರು ಮೀಟರ್ ಓಟದಲ್ಲಿ ಹೆಸರು ಮಾಡಬೇಕೆಂದರೆ ಮೊದಲು ಹೋಬಳಿ ಮಟ್ಟದಲ್ಲಿ ಗೆಲ್ಲಬೇಕು. ಅಲ್ಲಿಂದ ನಂಜನಗೂಡಿನ ತಾಲ್ಲೂಕು ಕೂಟ, ಆಮೇಲೆ ಮೈಸೂರಿನ ಜಿಲ್ಲಾ ಕೂಟ, ಅದನ್ನೂ ದಾಟಿದರೆ ವಿಭಾಗ ಮತ್ತು ರಾಜ್ಯ ಮಟ್ಟ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ದೈಹಿಕ ಶಿಕ್ಷಕರಿಗೂ, ಬೇಲಿಯಾಚೆ ನಿಂತು ಕೂಗುವ ಹೆತ್ತವರಿಗೂ ಈ ಮೆಟ್ಟಿಲುಗಳು ಮಳೆ ಬೆಳೆಯಷ್ಟೇ ಸಹಜವಾಗಿ ತೋರುತ್ತವೆ. ಆದರೆ ನೂರಹತ್ತು ವರ್ಷಗಳ ಹಿಂದೆ ಭಾರತದಲ್ಲಿ ಇಂತಹ ಏಣಿ ಇರಲಿಲ್ಲ. ಓಡುವವರಿದ್ದರು, ಅವರ ಓಟವನ್ನು ಅಳೆದು, ದಾಖಲಿಸಿ, ಮುಂದಿನ ಮೆಟ್ಟಿಲಿಗೆ ಕಳುಹಿಸುವವರಿರಲಿಲ್ಲ. ಆ ಏಣಿಯನ್ನು ನಿಲ್ಲಿಸಲು ಮೊದಲು ಕೈ ಹಚ್ಚಿದವರಲ್ಲಿ ಪ್ರಮುಖರು ಸರ್ ದೊರಾಬ್ಜಿ ಟಾಟಾ. ಉಕ್ಕಿನ ಕಾರ್ಖಾನೆಯ ಒಡೆಯರೆಂದೇ ನಾಡು ಬಲ್ಲ ಈ ಮಹನೀಯರು ಮೈಸೂರಿನ ಅಳಿಯಂದಿರೂ ಆಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ಮರೆತೇ ಹೋಗಿದೆ.

ದೊರಾಬ್ಜಿಯವರು ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯಲ್ಲಿ. ತಂದೆ ಜಮ್‌ಶೇಟ್‌ಜಿ ಟಾಟಾ, ತಾಯಿ ಹೀರಾಬಾಯಿ. ಹದಿಹರೆಯದಲ್ಲೇ ಇಂಗ್ಲೆಂಡಿಗೆ ತೆರಳಿದ ಅವರು ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿನಲ್ಲಿ ಎರಡು ವರ್ಷ ಕಲಿತರು. ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿ ನಡೆಸುವಿಕೆ, ಕುದುರೆ ಸವಾರಿ, ಓಟ, ಹೀಗೆ ಆಂಗ್ಲರ ಆಟಗಳಲ್ಲಿ ಅವರು ಕೈಯಿಡದಿದ್ದುದು ಕಡಿಮೆ. 1879ರಲ್ಲಿ ತಾಯ್ನಾಡಿಗೆ ಮರಳಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಿಂದ 1882ರಲ್ಲಿ ಪದವಿ ಪಡೆದರು. ಆಮೇಲೆ ಎರಡು ವರ್ಷ ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಪತ್ರಕರ್ತರಾಗಿ ದುಡಿದರು. ಶ್ರೀಮಂತ ತಂದೆಯ ಹಿರಿಯ ಮಗ ಪತ್ರಿಕಾ ಕಚೇರಿಯ ಮೇಜಿನ ಮುಂದೆ ಕುಳಿತದ್ದು ಸಣ್ಣ ಸಂಗತಿಯಲ್ಲ. ಅಂಕಿ ಅಂಶಗಳ ಖಚಿತತೆಯ ಬಗ್ಗೆ ಅವರಿಗೆ ಮುಂದೆ ಇದ್ದ ಹಟಕ್ಕೆ ಈ ಅನುಭವವೂ ಒಂದಿಷ್ಟು ಕಾರಣವಿರಬಹುದು. 1884ರಲ್ಲಿ ಅವರು ತಂದೆಯ ಹತ್ತಿ ವ್ಯವಹಾರಕ್ಕೆ ಸೇರಿದರು.

ಮೈಸೂರಿನ ನಂಟು ಬೆಳೆದದ್ದು ಅಲ್ಲಿಂದ ಮುಂದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಪಾರ್ಸಿ ವಿದ್ವಾಂಸರಾದ ಹೊರ್ಮುಸ್‌ಜಿ ಜಹಾಂಗೀರ್ ಭಾಭಾ. ಸಂಸ್ಥಾನಕ್ಕೆ ಬಂದಿದ್ದಾಗ ಭಾಭಾ ಅವರ ಮನೆತನದ ಪರಿಚಯ ಮಾಡಿಕೊಂಡ ಜಮ್‌ಶೇಟ್‌ಜಿಯವರು, ಆ ಮನೆಗೊಮ್ಮೆ ಹೋಗಿ ಬರುವಂತೆ ಮಗನಿಗೆ ಸೂಚಿಸಿದರು. ಅಲ್ಲಿ ದೊರಾಬ್ಜಿಯವರು ಕಂಡದ್ದು ಭಾಭಾ ಅವರ ಮಗಳು ಮೆಹರ್‌ಬಾಯಿಯವರನ್ನು. 1898ರ ಫೆಬ್ರವರಿಯಲ್ಲಿ ವಿವಾಹ ನಡೆದಾಗ ವರನಿಗೆ ಮೂವತ್ತೆಂಟು, ವಧುವಿಗೆ ಹದಿನೆಂಟು. ವಯಸ್ಸಿನ ಅಂತರ ದೊಡ್ಡದಿದ್ದರೂ ಆಟದ ಮೈದಾನ ಇಬ್ಬರಿಗೂ ಸಮಾನವಾಗಿತ್ತು. ಮೆಹರ್‌ಬಾಯಿಯವರು ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನಗಳನ್ನು ಗಳಿಸುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಟೆನಿಸ್ ಮಿಶ್ರ ಡಬಲ್ಸ್ ಪಟ್ಟಿಯಲ್ಲಿ ಅವರ ಹೆಸರೂ ಸೇರಿತ್ತು. ಮುಂದೆ ಅಣುವಿಜ್ಞಾನಿಯಾಗಿ ಹೆಸರಾದ ಹೋಮಿ ಭಾಭಾ ಇವರ ಸೋದರನ ಮಗ.

ಇಂಗ್ಲೆಂಡಿನಿಂದ ಮರಳಿದ ದೊರಾಬ್ಜಿಯವರನ್ನು ಕಾಡಿದ ಕೊರತೆಯೆಂದರೆ ನಮ್ಮ ಶಾಲೆಗಳಲ್ಲಿ ಓಟ, ನೆಗೆತ, ಎಸೆತಗಳಿಗೆ ಕ್ರಮಬದ್ಧವಾದ ಸ್ಥಾನವೇ ಇಲ್ಲದಿದ್ದುದು. ಮುಂಬಯಿಯ ಪ್ರೌಢಶಾಲೆಗಳನ್ನು ಒಂದುಗೂಡಿಸುವ ಅಥ್ಲೆಟಿಕ್ ಸಂಘದ ಸ್ಥಾಪನೆಗೆ ಅವರು ನೆರವಾಗಿ, ಅದರ ಕಾರ್ಯದರ್ಶಿಯ ಹೊಣೆ ಹೊತ್ತರು. ಹಣ ಕೊಟ್ಟು ದೂರ ನಿಲ್ಲುವ ಪೋಷಕರಿಗೂ ಕಾರ್ಯದರ್ಶಿಗೂ ಬಹಳ ವ್ಯತ್ಯಾಸವಿದೆ. ಕ್ರೀಡಾಕೂಟ ನಡೆಸಿ ಬಲ್ಲವರಿಗೆ ಅದು ಗೊತ್ತು. ಯಾವ ಶಾಲೆಯಿಂದ ಎಷ್ಟು ಮಂದಿ, ಯಾರು ಯಾವ ವಯೋಮಾನಕ್ಕೆ ಸೇರುತ್ತಾರೆ, ಎಷ್ಟು ಹೀಟ್ಸ್ ಓಡಿಸಬೇಕು, ತೀರ್ಪುಗಾರರು ಯಾರು, ಮಳೆ ಬಂದರೇನು ಗತಿ, ಇವೆಲ್ಲ ಬಂದು ನಿಲ್ಲುವುದು ಕಾರ್ಯದರ್ಶಿಯ ತಲೆಯ ಮೇಲೆ.

1904ರಲ್ಲಿ ತಂದೆ ತೀರಿಕೊಂಡ ಬಳಿಕ ಅವರು ಕಂಡಿದ್ದ ದೊಡ್ಡ ಕನಸುಗಳೆಲ್ಲ ದೊರಾಬ್ಜಿಯವರ ಪಾಲಿಗೆ ಬಂದವು. 1907ರಲ್ಲಿ ಉಕ್ಕಿನ ಕಂಪನಿ, 1909ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ, ಬಳಿಕ ಜಲವಿದ್ಯುತ್ ಕಂಪನಿ ಒಂದರ ಹಿಂದೊಂದು ರೂಪ ತಳೆದವು. ವಿಜ್ಞಾನ ಸಂಸ್ಥೆಗೆ 371 ಎಕರೆ ಭೂಮಿ ಕೊಟ್ಟದ್ದು ಮೈಸೂರು ಸರ್ಕಾರವೆಂಬುದನ್ನು ಇಲ್ಲಿ ನೆನೆಯಬೇಕು. 1910ರಲ್ಲಿ ಅವರಿಗೆ ಸರ್ ಪದವಿ ಸಂದಿತು. ಇವೆಲ್ಲ ಬೇರೆಡೆ ವಿಸ್ತಾರವಾಗಿ ಬರೆದಾಗಿರುವ ಸಂಗತಿಗಳಾದುದರಿಂದ ಮತ್ತೆ ಮೈದಾನಕ್ಕೇ ಬರೋಣ.

ಪುಣೆಯಲ್ಲಿ 1906ರಲ್ಲಿ ಸ್ಥಾಪನೆಯಾಗಿದ್ದ ಡೆಕ್ಕನ್ ಜಿಮ್‌ಖಾನಾ ಸಂಸ್ಥೆಗೆ ದೊರಾಬ್ಜಿಯವರು ಅಧ್ಯಕ್ಷರಾಗಿದ್ದರು. 1919ರಲ್ಲಿ ಅದು ನಡೆಸಿದ ಕ್ರೀಡಾಕೂಟವೇ ಅವರ ಕ್ರೀಡಾಜೀವನದ ತಿರುವು. ಸ್ಪರ್ಧಿಗಳಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಒಕ್ಕಲು ಮಕ್ಕಳು. ಕಾಲಿಗೆ ಬೂಟಿಲ್ಲ, ತರಬೇತಿಯಿಲ್ಲ, ಓಡುವ ನೆಲವೂ ಸಮನಾಗಿರಲಿಲ್ಲ. ಹಾಗಿದ್ದೂ ದೂರದ ಓಟದಲ್ಲಿ ಅವರು ತೋರಿದ ವೇಗವನ್ನು ಯುರೋಪಿನ ಓಟಗಾರರ ವೇಗದ ಜೊತೆ ಹೋಲಿಸಿ ನೋಡಿದಾಗ ದೊರಾಬ್ಜಿಯವರು ಬೆರಗಾದರು. 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ಈ ಪ್ರಸಂಗವನ್ನು ಹತ್ತು ವರ್ಷಗಳ ನಂತರವೂ ಬಿಡದೆ ವಿವರಿಸಿದ್ದಾರೆ. ಮುಂಬಯಿ ಪ್ರಾಂತ್ಯದ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ದೊರೆತು, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ತಂಡವೊಂದನ್ನು ಕಳುಹಿಸಲು ಅನುಮತಿಯೂ ಸಿಕ್ಕಿತು. ಅದಕ್ಕೂ ಮುಂಚೆ, 1900ರ ಪ್ಯಾರಿಸ್ ಕೂಟದಲ್ಲಿ, ಕಲ್ಕತ್ತದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಪದಕ ಗೆದ್ದದ್ದುಂಟು. ಆದರೆ ಅವರನ್ನು ಆರಿಸಿ ಕಳುಹಿಸಿದ ಸಂಸ್ಥೆ ಯಾವುದೂ ಇರಲಿಲ್ಲ.

ಆಯ್ಕೆ ಮಾಡಬೇಕೆಂದು ಹೊರಟಾಗ ಎದುರಾದ ತೊಡಕು ವಿಚಿತ್ರವಾದದ್ದು. ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಜಿಮ್‌ಖಾನಾದ ಪ್ರಮುಖರೊಬ್ಬರನ್ನು ವಿಚಾರಿಸಿದಾಗ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಆಗಬಹುದೆಂಬ ಉತ್ತರ ಬಂದಿತೆಂದು ಕ್ರೀಡಾ ಇತಿಹಾಸಕಾರರು ದಾಖಲಿಸಿದ್ದಾರೆ. ಲೆಕ್ಕ ನಿಮಿಷಗಳದ್ದಲ್ಲ, ಸೆಕೆಂಡುಗಳದ್ದು ಎಂದು ತಿಳಿದಾಗ ಅವರು ದಂಗಾದರಂತೆ. ಆ ವರ್ಷ ಆಂಟ್‌ವರ್ಪ್‌ನಲ್ಲಿ ಅಮೆರಿಕದ ಚಾರ್ಲಿ ಪ್ಯಾಡಕ್ ನೂರು ಮೀಟರ್ ಗೆದ್ದದ್ದು 10.8 ಸೆಕೆಂಡುಗಳಲ್ಲಿ.

ಇದನ್ನೋದಿ ನಗುವುದು ಸುಲಭ. ಆದರೆ ಆ ಹಿರಿಯರ ಅಜ್ಞಾನಕ್ಕೆ ಕಾರಣವಿತ್ತು. ಜಾತ್ರೆಯ ಓಟದಲ್ಲಿ, ಪಂದ್ಯದ ಓಟದಲ್ಲಿ ಬೇಕಾದದ್ದು ಯಾರು ಮೊದಲು ಬಂದರೆಂಬುದು ಮಾತ್ರ. ಎಷ್ಟು ಹೊತ್ತಿನಲ್ಲಿ ಬಂದರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಕ್ಕಪಕ್ಕ ನಿಂತು ಓಡುವವರಿಗೆ ಗಡಿಯಾರ ಬೇಡ. ಬೆಳಗಾವಿಯಲ್ಲಿ ಓಡಿದವನನ್ನೂ ಬಂಗಾಳದಲ್ಲಿ ಓಡಿದವನನ್ನೂ, ಅವರು ಒಬ್ಬರನ್ನೊಬ್ಬರು ಕಾಣದೆಯೇ, ಹೋಲಿಸಬೇಕಾಗಿ ಬಂದಾಗ ಅಳತೆಯ ದೂರ, ನಂಬಬಹುದಾದ ಗಡಿಯಾರ ಮತ್ತು ಎಲ್ಲೆಡೆ ಒಂದೇ ಆದ ನಿಯಮ, ಈ ಮೂರೂ ಬೇಕಾಗುತ್ತವೆ. ದೊರಾಬ್ಜಿಯವರು ಕಂಡುಕೊಂಡ ಸತ್ಯ ಇದು. ನಮ್ಮ ಹಳ್ಳಿಗಾಡಿನ ಓಟಗಾರರಿಗೆ ಕಾಲಿನ ಬಲ ಕೊಡುವ ಅಗತ್ಯವಿರಲಿಲ್ಲ. ಆ ಬಲಕ್ಕೆ ಸಾಕ್ಷಿ ಒದಗಿಸಬೇಕಿತ್ತು.

ಸಾಕ್ಷಿ ಒದಗಿಸುವುದೆಂದರೆ ಏನೆಂಬುದನ್ನು ಇಂದಿನ ಯಾವುದೇ ತಾಲ್ಲೂಕು ಮೈದಾನದಲ್ಲಿ ನಿಂತು ನೋಡಬಹುದು. ಓಟ ಆರಂಭಿಸುವವರ ಕೈಯಲ್ಲಿನ ಪಿಸ್ತೂಲಿನ ಸದ್ದು ನೂರು ಮೀಟರ್ ಆಚೆ ನಿಂತ ಸಮಯಪಾಲಕರ ಕಿವಿ ಮುಟ್ಟಲು ಸುಮಾರು 0.3 ಸೆಕೆಂಡು ಬೇಕು. ಆದ್ದರಿಂದ ಅವರು ಸದ್ದಿಗೆ ಕಾಯದೆ ಹೊಗೆ ಕಂಡೊಡನೆ ಗಡಿಯಾರ ಒತ್ತಬೇಕು. ಪಿಸ್ತೂಲಿಲ್ಲದೆ ಬರೀ ಸೀಟಿ ಊದಿ ಓಡಿಸುವ ಶಾಲೆಗಳಲ್ಲಿ ಮಕ್ಕಳ ಸಮಯ ಅಷ್ಟು ಚೆನ್ನಾಗಿ ಕಾಣಿಸುವುದಕ್ಕೆ ಈ 0.3 ಸೆಕೆಂಡೂ ಒಂದು ಕಾರಣ. ಅಂಥಲ್ಲಿ ಸೀಟಿಯ ಜೊತೆಗೆ ಬಾವುಟವನ್ನೂ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. ಒಬ್ಬ ವಿಜೇತನಿಗೆ ಮೂವರು ಸಮಯಪಾಲಕರಿದ್ದು, ಮೂರು ಗಡಿಯಾರಗಳೂ ಬೇರೆ ಬೇರೆ ಸಮಯ ತೋರಿಸಿದರೆ ನಡುವಿನದನ್ನು ಹಿಡಿಯುವುದು ನಿಯಮ. ಇಬ್ಬರೇ ಇದ್ದು ಭಿನ್ನತೆ ಬಂದರೆ ಹೆಚ್ಚಿನ ಸಮಯವೇ ಅಧಿಕೃತ. ಗುರಿಯ ಗೆರೆಯನ್ನು ದಾಟಬೇಕಾದದ್ದು ಮುಂಡ. ಚಾಚಿದ ಕೈಗಾಗಲಿ ತಲೆಗಾಗಲಿ ಬೆಲೆಯಿಲ್ಲ. 400 ಮೀಟರ್ ಸುತ್ತಿನ ಪಥದಲ್ಲಿ ಹೊರಸಾಲು ಒಳಸಾಲಿಗಿಂತ ಉದ್ದವಾದುದರಿಂದ, ಒಂದು ಸುತ್ತಿನ ಓಟದಲ್ಲಿ ಎಂಟನೆಯ ಸಾಲಿನವರನ್ನು ಮೊದಲ ಸಾಲಿನವರಿಗಿಂತ ಸುಮಾರು 53 ಮೀಟರ್ ಮುಂದೆ ನಿಲ್ಲಿಸಬೇಕಾಗುತ್ತದೆ. ಇದು ಗೊತ್ತಿಲ್ಲದ ಪ್ರೇಕ್ಷಕರು ಮೋಸವಾಯಿತೆಂದು ಗಲಾಟೆ ಮಾಡುವುದನ್ನು ನಮ್ಮ ಕಡೆಯ ಕೂಟಗಳಲ್ಲಿ ಇಂದಿಗೂ ಕಾಣಬಹುದು.

1920ರಲ್ಲಿ ಪುಣೆಯಲ್ಲಿ ಆಯ್ಕೆ ಸ್ಪರ್ಧೆ ನಡೆದು ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಆರಿಸಲ್ಪಟ್ಟರು. ನಾಲ್ವರು ಓಟಗಾರರಲ್ಲಿ ಇಬ್ಬರು ಇಂದಿನ ಕರ್ನಾಟಕದವರೆಂಬುದು ನಮಗೆ ಹೆಮ್ಮೆಯ ವಿಷಯ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ ಆ ಇಬ್ಬರು. ಬಂಗಾಳದ ಪೂರ್ಮ ಬ್ಯಾನರ್ಜಿ ಮತ್ತು ಸಾತಾರದ ಸದಾಶಿವ ದಾತಾರ ಉಳಿದಿಬ್ಬರು. ಸರ್ಕಾರದ ನೆರವು, ಸಾರ್ವಜನಿಕರ ವಂತಿಗೆ ಎರಡೂ ಸಾಲದಾದಾಗ ಕೈಯಿಂದ ಹಣ ಹಾಕಿದವರು ದೊರಾಬ್ಜಿಯವರೇ. ಅದೇ ಸುಮಾರಿಗೆ ಅವರು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲಿ ಭಾರತದ ಸದಸ್ಯರಾದರು.

ಆಂಟ್‌ವರ್ಪ್‌ನ ಮ್ಯಾರಥಾನ್ ನಡೆದದ್ದು ಆಗಸ್ಟ್ 22ರಂದು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗೆದ್ದರು. ದಾತಾರ ಗುರಿ ಮುಟ್ಟಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಬಂದರು. ಇಲ್ಲಿಯೂ ಅಳತೆಯ ಮಾತೊಂದಿದೆ. ಆಗಿನ್ನೂ ಮ್ಯಾರಥಾನ್‌ನ ದೂರ ಎಲ್ಲೆಡೆ ಒಂದೇ ಆಗಿರಲಿಲ್ಲ. 42.195 ಕಿಲೋಮೀಟರ್ ಎಂಬುದು ನಿಗದಿಯಾದದ್ದು 1921ರಲ್ಲಿ. ಆಂಟ್‌ವರ್ಪ್‌ನ ಹಾದಿ 42.75 ಕಿಲೋಮೀಟರ್ ಇದ್ದು, ಒಲಿಂಪಿಕ್ ಮ್ಯಾರಥಾನ್‌ಗಳಲ್ಲೇ ಅತ್ಯಂತ ಉದ್ದದ್ದು. ಅಂದರೆ ಚೌಗುಲೆ ಇಂದಿನ ಓಟಗಾರರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಓಡಿದ್ದರು. ಅವರ ಸರಾಸರಿ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷದಷ್ಟು. ಅದೇ ವೇಗದಲ್ಲಿ ಇಂದಿನ ದೂರವನ್ನು ಲೆಕ್ಕ ಹಾಕಿದರೆ ಎರಡು ನಿಮಿಷಕ್ಕೂ ಮಿಕ್ಕಿ ಉಳಿತಾಯವಾಗಿ 2 ಗಂಟೆ 48 ನಿಮಿಷ 30 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಬರಿಗಾಲಿನ ಓಟದಿಂದ ಹೊರಟು ಒಂದೇ ವರ್ಷದೊಳಗೆ ಜಗತ್ತಿನ ಮುಂದೆ ನಿಂತ ತಂಡದ ಸದಸ್ಯನಿಗೆ ಇದು ಸಾಮಾನ್ಯ ಸಾಧನೆಯಲ್ಲ.

ಪದಕವಿಲ್ಲದೆ ತಂಡ ಮರಳಿತು. ದೊರಾಬ್ಜಿಯವರು ಕೈಚೆಲ್ಲಲಿಲ್ಲ. ಒಂದು ನಗರದ ಒಂದು ಸಂಸ್ಥೆ ನಡೆಸಿದ ಆಯ್ಕೆ ಇಡೀ ದೇಶದ ಆಯ್ಕೆಯಾಗಲಾರದೆಂಬ ಅರಿವು ಈಗ ಬಂದಿತ್ತು. ವೈ.ಎಂ.ಸಿ.ಎ. ಸಂಸ್ಥೆಯ ದೈಹಿಕ ಶಿಕ್ಷಣ ನಿರ್ದೇಶಕ ಡಾ. ನೋಹ್ರೆನ್, ಮದರಾಸಿನಲ್ಲಿ 1920ರಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದಿದ್ದ ಹ್ಯಾರಿ ಕ್ರೋ ಬಕ್ ಮುಂತಾದವರು ಇವರೊಡನೆ ಕೈಜೋಡಿಸಿದರು. ಪ್ರಾಂತ್ಯಗಳಲ್ಲಿ ಕೂಟಗಳು ನಡೆದು, ಗೆದ್ದವರು 1924ರಲ್ಲಿ ಅಖಿಲ ಭಾರತ ಕೂಟದಲ್ಲಿ ಸೆಣಸಿ, ಅಲ್ಲಿ ಆರಿಸಲ್ಪಟ್ಟವರು ಬಕ್ ಅವರ ನೇತೃತ್ವದಲ್ಲಿ ಪ್ಯಾರಿಸ್‌ಗೆ ಹೊರಟರು. ಹೋಬಳಿಯಿಂದ ರಾಜ್ಯದವರೆಗೆ ಇಂದು ನಾವು ಕಾಣುವ ಏಣಿಯ ಮೂಲ ವಿನ್ಯಾಸ ಅದೇ. ಬಕ್ ಅವರ ಶಾಲೆಯಲ್ಲಿ ತರಬೇತಾದವರು ದಕ್ಷಿಣ ಭಾರತದ ಶಾಲಾ ಮೈದಾನಗಳಿಗೆ ನಿಯಮಪುಸ್ತಕವನ್ನೂ ಗಡಿಯಾರವನ್ನೂ ಕೊಂಡೊಯ್ದರು.

ಅದೇ 1924 ದೊರಾಬ್ಜಿಯವರ ಬಾಳಿನ ಅತ್ಯಂತ ಕಠಿಣ ವರ್ಷವೂ ಆಗಿತ್ತು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕೊಡಲೂ ಹಣವಿಲ್ಲದ ಸ್ಥಿತಿ ಬಂದಿತು. ಅವರು ತಮ್ಮ ಸ್ವಂತ ಆಸ್ತಿಯನ್ನೆಲ್ಲ ಇಂಪೀರಿಯಲ್ ಬ್ಯಾಂಕಿಗೆ ಒತ್ತೆಯಿಟ್ಟು ಸುಮಾರು ಒಂದು ಕೋಟಿ ರೂಪಾಯಿ ಸಾಲ ತಂದರು. ಮೆಹರ್‌ಬಾಯಿಯವರ ಆಭರಣಗಳೂ, ಅವುಗಳ ನಡುವೆ 245 ಕ್ಯಾರೆಟ್ ತೂಕದ ಜುಬಿಲಿ ವಜ್ರವೂ ಆ ಒತ್ತೆಯಲ್ಲಿ ಸೇರಿದ್ದವು. ಮನೆಯ ವಜ್ರ ಬ್ಯಾಂಕಿನಲ್ಲಿರುವಾಗಲೂ ಒಲಿಂಪಿಕ್ಸ್ ಕೆಲಸವನ್ನು ಅವರು ಕೈಬಿಡಲಿಲ್ಲ.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ವಿಧಿವತ್ತಾಗಿ ರೂಪುಗೊಂಡಾಗ ಅವರೇ ಪ್ರಥಮ ಅಧ್ಯಕ್ಷರು, ನೋಹ್ರೆನ್ ಕಾರ್ಯದರ್ಶಿ, ಪಂಜಾಬಿನ ಜಿ.ಡಿ. ಸೋಂಧಿ ಸಹಾಯಕ ಕಾರ್ಯದರ್ಶಿ. ಮರುವರ್ಷವೇ ಅವರು ಆ ಸ್ಥಾನದಿಂದ ಕೆಳಗಿಳಿದರು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಆ ಪೀಠವೇರಿದರು. ಸಂಸ್ಥೆಯನ್ನು ಕಟ್ಟಿ, ನಿಲ್ಲಿಸಿ, ಒಂದೇ ವರ್ಷದಲ್ಲಿ ಬೇರೆಯವರ ಕೈಗೊಪ್ಪಿಸುವುದು ನಮ್ಮ ಕ್ರೀಡಾ ಆಡಳಿತದಲ್ಲಿ ಆಮೇಲೆ ಅಪರೂಪವಾಗಿಬಿಟ್ಟಿತೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಗಳಿಕೆಯ ನಡುವೆ ಒಂದು ಕೊರತೆಯನ್ನು ಹೇಳದೆ ಹೋದರೆ ಬರಹ ಪೂರ್ಣವಾಗದು. ಈ ಇಡೀ ಏರ್ಪಾಡು ಬಹುಮಟ್ಟಿಗೆ ಸಿರಿವಂತರೊಬ್ಬರ ಜೇಬನ್ನು, ಅವರಿಗಿದ್ದ ಗವರ್ನರುಗಳ ಪರಿಚಯವನ್ನು ಅವಲಂಬಿಸಿತ್ತು. ಅವರ ನಂತರ ಬಂದವರೂ ಮಹಾರಾಜರೇ. ಓಟಗಾರರ ಮಾತು ಆಡಳಿತದಲ್ಲಿ ಕೇಳಿಬರಲಿಲ್ಲ. ದೊರಾಬ್ಜಿಯವರ ಬಾಳಿನ ಪ್ರತಿಯೊಂದು ವರ್ಷದ ದಾಖಲೆ ನಮಗೆ ಸಿಗುತ್ತದೆ. ಅವರು ಕಳುಹಿಸಿದ ಬೆಳಗಾವಿಯ ಚೌಗುಲೆಯವರ ವಿಷಯ ಹುಡುಕಹೊರಟರೆ, ಕೊನೆಗೆ ಕೈಗೆ ಬರುವುದು ಆ ಸ್ಥಾನ ಮತ್ತು ಆ ಸಮಯ. 1952ರಲ್ಲಿ ಅವರು ತೀರಿಕೊಂಡರು. ಅಷ್ಟಾದರೂ ಉಳಿದದ್ದು ಆ ದಿನ ಆಂಟ್‌ವರ್ಪ್‌ನಲ್ಲಿ ಗಡಿಯಾರ ಹಿಡಿದವರೊಬ್ಬರು ಇದ್ದುದರಿಂದ. ಅವರಿಗಿಂತ ಮುಂಚೆ ಕಪಿಲೆಯ ದಡದಲ್ಲೋ ಕಾವೇರಿಯ ದಡದಲ್ಲೋ ಅವರಷ್ಟೇ ವೇಗವಾಗಿ ಓಡಿದವರು ಇದ್ದಿರಬಹುದು. ಅವರ ವಿಷಯದಲ್ಲಿ ಆ ಎರಡು ಸಂಖ್ಯೆಗಳೂ ನಮ್ಮಲ್ಲಿಲ್ಲ.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕಕ್ಕೆ ಬಂದಾಗ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣವೂ ಅದಕ್ಕೆ ಸಜ್ಜಾಗಿತ್ತು. ಅಖಿಲ ಭಾರತ ಕೂಟಗಳ ಆ ಪರಂಪರೆಯ ಆರಂಭದಲ್ಲಿ ನಿಂತಿದ್ದವರು ಒಂದು ಕಾಲದಲ್ಲಿ ಇದೇ ಸಂಸ್ಥಾನಕ್ಕೆ ಹೆಣ್ಣು ನೋಡಲು ಬಂದಿದ್ದರು.

ದಂಪತಿಗಳಿಗೆ ಮಕ್ಕಳಿರಲಿಲ್ಲ. 1931ರ ಜೂನ್ 18ರಂದು ಮೆಹರ್‌ಬಾಯಿಯವರು ರಕ್ತದ ಕ್ಯಾನ್ಸರಿನಿಂದ ಬ್ರಿಟನ್ನಿನಲ್ಲಿ ನಿಧನ ಹೊಂದಿದರು. ಅವರನ್ನು ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಪತ್ನಿಯ ಅಗಲಿಕೆಯಿಂದ ಕುಗ್ಗಿದ ದೊರಾಬ್ಜಿಯವರು, ಪತ್ನಿಗೆ ಬಂದಿದ್ದ ಕಾಯಿಲೆಯ ಸಂಶೋಧನೆಗೆಂದು ಅವರ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ತಮ್ಮ ಉಳಿದ ಸಂಪತ್ತನ್ನು, ಒತ್ತೆಯಿಂದ ಬಿಡಿಸಿಕೊಂಡಿದ್ದ ಜುಬಿಲಿ ವಜ್ರವೂ ಸೇರಿದಂತೆ, ಮತ್ತೊಂದು ಧರ್ಮನಿಧಿಗೆ ಒಪ್ಪಿಸಿದರು. ಪತ್ನಿಯ ವರ್ಷಾಬ್ದಿಯ ಹೊತ್ತಿಗೆ ಸಮಾಧಿಯ ಬಳಿಗೆ ಹೋಗಬೇಕೆಂದು ಯುರೋಪಿಗೆ ಹೊರಟವರು 1932ರ ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗೆನ್ ಪಟ್ಟಣದಲ್ಲಿ ಕೊನೆಯುಸಿರೆಳೆದರು. ಬ್ರೂಕ್‌ವುಡ್‌ನಲ್ಲಿ ಪತ್ನಿಯ ಪಕ್ಕದಲ್ಲೇ ಅವರನ್ನೂ ಇರಿಸಲಾಯಿತು. ಅದಾಗಿ ಎರಡು ತಿಂಗಳೊಳಗೆ, ಜುಲೈ 30ರಂದು, ಲಾಸ್ ಏಂಜಲೀಸ್‌ನಲ್ಲಿ ಹತ್ತನೆಯ ಒಲಿಂಪಿಕ್ಸ್ ಆರಂಭವಾಯಿತು. ಭಾರತದ ಹಾಕಿ ತಂಡ ಚಿನ್ನ ಉಳಿಸಿಕೊಂಡ ಆ ಕೂಟದಲ್ಲಿ, ದೇಶದ ಅಥ್ಲೀಟುಗಳೂ ತಮ್ಮ ಹೀಟ್ಸ್‌ಗಳಿಗಾಗಿ ಗೆರೆಯ ಹಿಂದೆ ನಿಂತಿದ್ದರು.